ಹಳೆ ಕಾರು ಆಯಿಲ್ ತಿಂದರೆ ಇಂಜಿನ್ ಕೆಲಸಕ್ಕೆ ಬಂತೆಂದೇ ಅರ್ಥವೇ?

ಕಾರು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಆಯಿಲ್ ಕಡಿಮೆಯಾಗತೊಡಗಿದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ‘ಇಂಜಿನ್ ಕೆಲಸಕ್ಕೆ ಬಂತು, ಕೂಡಲೇ ಬಿಚ್ಚಿಸಿ’ ಎನ್ನುವುದು ಒಂದು, ‘ದಪ್ಪ ಆಯಿಲ್ ಹಾಕಿ, ಎಲ್ಲ ಸರಿಹೋಗುತ್ತದೆ’ ಎನ್ನುವುದು ಇನ್ನೊಂದು. ಇವೆರಡೂ ಪೂರ್ತಿ ನಿಜವಲ್ಲ. ಇಂಜಿನ್ ಸ್ವಲ್ಪ ಆಯಿಲ್ ತಿಂದ ಮಾತ್ರಕ್ಕೆ ಕೆಡುವುದಿಲ್ಲ. ಆಯಿಲ್ ಇಳಿದದ್ದನ್ನು ಗಮನಿಸದೆ ಓಡಿಸಿದರೆ ಕೆಡುತ್ತದೆ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂಥ ಊರುಗಳಲ್ಲಿ ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಆಸ್ಪತ್ರೆಗೂ ಪೇಟೆಗೂ ಮನೆಯ ಹಳೆ ಕಾರೇ ಆಗಬೇಕು. ಕುಮಟಾಕ್ಕೆ ಹೊರಟರೆ ದೊಡ್ಮನೆ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿಯಬೇಕು. ಮಳೆಗಾಲದ ರಾತ್ರಿ ಘಟ್ಟದ ನಡುವೆ ಇಂಜಿನ್ ಜಾಮ್ ಆದರೆ ಗ್ಯಾರೇಜ್ ಹತ್ತಿರದಲ್ಲಿ ಇರುವುದಿಲ್ಲ.

ಆಯಿಲ್ ಎಲ್ಲಿಗೆ ಹೋಗುತ್ತದೆ?

ಪಿಸ್ಟನ್ ಮೇಲೆ ಸಾಮಾನ್ಯವಾಗಿ ಮೂರು ರಿಂಗ್‌ಗಳಿರುತ್ತವೆ. ಕೆಳಗಿನದು ಆಯಿಲ್ ರಿಂಗ್. ಸಿಲಿಂಡರ್ ಗೋಡೆಗೆ ಹತ್ತಿದ ಆಯಿಲನ್ನು ಕೆರೆದು ಕೆಳಗಿಳಿಸುವುದು ಅದರ ಕೆಲಸ. ಆದರೂ ತೆಳುವಾದ ಪದರವೊಂದು ಗೋಡೆಯ ಮೇಲೆ ಉಳಿದು ಇಂಧನದ ಜೊತೆ ಉರಿಯುತ್ತದೆ. ಹಾಗಾಗಿ ಹೊಸ ಇಂಜಿನ್ ಕೂಡ ತುಸು ಆಯಿಲ್ ಬಳಸಿಕೊಳ್ಳುತ್ತದೆ.

ಕಾರಿಗೆ ವಯಸ್ಸಾದಂತೆ ಈ ರಿಂಗ್ ಸವೆಯುತ್ತದೆ, ಇಲ್ಲವೇ ಅದರ ಸಣ್ಣ ರಂಧ್ರಗಳಲ್ಲಿ ಮಸಿ ಕಟ್ಟುತ್ತದೆ. ವಾಲ್ವ್‌ಗಳ ರಬ್ಬರ್ ಸೀಲ್ ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ಇಂಜಿನ್ ಒಳಗಿನ ಆವಿಯನ್ನು ಹೊರಹಾಕುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಆಯಿಲ್ ಖರ್ಚು ಏರುತ್ತದೆ. ಇವಲ್ಲದೆ ಗ್ಯಾಸ್ಕೆಟ್ ಅಥವಾ ಆಯಿಲ್ ಸೀಲ್‌ನಿಂದ ಹೊರಗೆ ಸೋರುತ್ತಲೂ ಇರಬಹುದು.

ಘಟ್ಟದಲ್ಲಿ ಸಿಗುವ ಸುಳಿವು

ಪೆಟ್ರೋಲ್ ಕಾರನ್ನು ಎರಡನೇ ಗೇರ್‌ನಲ್ಲಿ, ಆಕ್ಸಲರೇಟರ್ ಬಿಟ್ಟು ಘಟ್ಟ ಇಳಿಸುವಾಗ ಗಾಳಿ ಒಳಬರುವ ದಾರಿ ಬಹುಪಾಲು ಮುಚ್ಚಿರುತ್ತದೆ. ಇಂಜಿನ್ ಮಾತ್ರ ವೇಗವಾಗಿ ತಿರುಗುತ್ತಲೇ ಇರುತ್ತದೆ. ಒಳಗೆ ಉಂಟಾಗುವ ಬಲವಾದ ಸೆಳೆತಕ್ಕೆ ಸವೆದ ವಾಲ್ವ್ ಸೀಲ್‌ನ ಸಂದಿಯಿಂದ ಆಯಿಲ್ ಒಳಸೇರುತ್ತದೆ. ಕೆಳಗೆ ಬಂದು ಆಕ್ಸಲರೇಟರ್ ಒತ್ತಿದೊಡನೆ ಅದು ಉರಿದು ನೀಲಿ ಹೊಗೆ ಭುಸ್ ಎಂದು ಬರುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನೀಲಿ ಹೊಗೆ ಬಂದು ನಿಂತರೂ ಅನುಮಾನ ವಾಲ್ವ್ ಸೀಲ್ ಮೇಲೆಯೇ. ಘಟ್ಟ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ಹಾಗೆಂದು ಆಯಿಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಸಬೇಡಿ. ಗೇರ್‌ನ ಹಿಡಿತ ತಪ್ಪಿದರೆ ಎಲ್ಲ ಭಾರವೂ ಬ್ರೇಕ್ ಮೇಲೆ ಬಿದ್ದು, ಅದು ಕಾದು ಹಿಡಿಯದೇ ಹೋಗಬಹುದು.

ಬಿಳಿ ಹೊಗೆಯ ಕತೆ ಬೇರೆ. ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬರುವುದು ಬರೀ ನೀರಾವಿ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು.

ಎಷ್ಟು ಇಳಿದರೆ ಚಿಂತಿಸಬೇಕು?

ಇದಕ್ಕೆ ಊಹೆ ಬೇಡ, ಅಳತೆ ಬೇಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಅಡಿಕೆ ಒಣಗಿಸುವ ಅಂಗಳವಾದರೂ ಆದೀತು, ಇಳಿಜಾರಿನಲ್ಲಿ ಮಾತ್ರ ಬೇಡ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಮೇಲಿನ ಗುರುತಿನವರೆಗೆ ತುಂಬಿಸಿ, ಮೀಟರ್ ಎಷ್ಟಿದೆ ಎಂದು ಬರೆದಿಡಿ. ಸಾವಿರ ಕಿ.ಮೀ. ಓಡಿಸಿದ ನಂತರ ಮತ್ತೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತೋ ಅದೇ ನಿಮ್ಮ ಕಾರಿನ ಲೆಕ್ಕ.

ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಸಹಜವೆಂದು ಹೇಳುವ ಕಂಪನಿ ಕೈಪಿಡಿಗಳಿವೆ. ಆದರೆ ಆ ಲೆಕ್ಕದಲ್ಲಿ 10,000 ಕಿ.ಮೀ.ಗೆ 5 ಲೀಟರ್ ಬೇಕು. ಹಲವು ಸಣ್ಣ ಕಾರುಗಳ ಇಂಜಿನ್ ಹಿಡಿಯುವುದೇ ಸುಮಾರು 3 ಲೀಟರ್. ಅಂದರೆ ‘ಸಹಜ’ ಎನಿಸಿಕೊಂಡ ಕಾರು ಕೂಡ, ನಡುವೆ ಟಾಪ್ ಅಪ್ ಮಾಡದಿದ್ದರೆ, ಮುಂದಿನ ಸರ್ವಿಸ್‌ವರೆಗೆ ಬಾಳುವುದಿಲ್ಲ. ಹಳೆ ಕಾರಾದರೆ ಹದಿನೈದು ದಿನಕ್ಕೊಮ್ಮೆ, ದೂರ ಹೊರಡುವ ಮುನ್ನ ತಪ್ಪದೆ ನೋಡಿ. ಖರ್ಚು ಒಮ್ಮೆಲೇ ಹೆಚ್ಚಿದರೆ ತಡಮಾಡದೆ ತೋರಿಸಿ.

ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

‘ಆಯಿಲ್ ದೀಪ ಹತ್ತಿಲ್ಲ, ಹಾಗಾದರೆ ಆಯಿಲ್ ಇದೆ’: ತಪ್ಪು. ಬಹುತೇಕ ಹಳೆ ಕಾರುಗಳಲ್ಲಿ ಆ ದೀಪ ತೋರಿಸುವುದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಓಡುವಾಗ ಅದು ಹತ್ತಿದರೆ ‘ಮನೆ ಮುಟ್ಟಿಸೋಣ’ ಎನ್ನದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೂಡಲೇ ಇಂಜಿನ್ ಆಫ್ ಮಾಡಿ.

‘ದಪ್ಪ ಆಯಿಲ್ ಹಾಕಿದರೆ ಗುಣವಾಗುತ್ತದೆ’: ಭಾಗಶಃ ನಿಜ. ಕೈಪಿಡಿ ಒಪ್ಪುವ ಗ್ರೇಡ್‌ಗಳ ಪೈಕಿ ದಪ್ಪನೆಯದನ್ನು ಹಾಕಿದರೆ ಖರ್ಚು ತಗ್ಗಬಹುದು. ಆದರೆ ಸವೆದ ರಿಂಗ್ ಮತ್ತೆ ಹೊಸದಾಗುವುದಿಲ್ಲ. ತೀರಾ ದಪ್ಪ ಆಯಿಲ್ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಲುಪುವುದೇ ತಡ.

‘ಹೇಗೂ ತಿನ್ನುತ್ತದೆ, ಸ್ವಲ್ಪ ಜಾಸ್ತಿಯೇ ಹಾಕಿಡಿ’: ಬೇಡ. ಮೇಲಿನ ಗುರುತು ಮೀರಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸಬಹುದು. ನೊರೆಗೆ ಸರಿಯಾಗಿ ಜಾರಿಸುವ ಶಕ್ತಿ ಇಲ್ಲ, ಹೊಗೆಯೂ ಹೆಚ್ಚುತ್ತದೆ.

‘ಸೀಮೆಎಣ್ಣೆ ಹಾಕಿ ಇಂಜಿನ್ ತೊಳೆಯಿರಿ’: ಬೇಡ. ಒಳಗೆ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನೂ ತೆಳ್ಳಗಾಗಿಸುತ್ತದೆ.

ಗ್ಯಾರೇಜಿಗೆ ಹೋದಾಗ

ಅಗ್ಗದ ಕಾರಣದಿಂದ ಶುರುಮಾಡಲು ಹೇಳಿ. ಮೊದಲು ಸೋರಿಕೆ, ಆಮೇಲೆ ಪಿಸಿವಿ ವಾಲ್ವ್, ನಂತರ ಕಂಪ್ರೆಷನ್ ಟೆಸ್ಟ್. ಪೆಟ್ರೋಲ್ ಇಂಜಿನ್‌ನಲ್ಲಿ ಕಂಪ್ರೆಷನ್ ಕಡಿಮೆ ಬಂದರೆ, ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಕಂಪ್ರೆಷನ್ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದು ತಿಳಿಯಬಹುದು. ಕಂಪ್ರೆಷನ್ ಚೆನ್ನಾಗಿದ್ದು, ಬೆಳಗ್ಗೆ ಮಾತ್ರ ಹೊಗೆ ಬರುತ್ತಿದ್ದರೆ ವಾಲ್ವ್ ಸೀಲ್ ಬದಲಿಸಿದರೆ ಸಾಕಾಗಬಹುದು. ಇಷ್ಟೂ ನೋಡಿದ ಮೇಲೆ ಇಂಜಿನ್ ಬಿಚ್ಚಿಸುವ ಮಾತು. ನೀವು ಬರೆದಿಟ್ಟ ಸಾವಿರ ಕಿ.ಮೀ. ಲೆಕ್ಕವನ್ನು ಜೊತೆಗೇ ಒಯ್ಯಿರಿ. ಮೆಕ್ಯಾನಿಕ್‌ಗೂ ಅದರಿಂದ ಅನುಕೂಲ.