ರಮ್ಮಿ ತೀರ್ಪಿನ ಉಳಿದರ್ಧ

ಆನ್‌ಲೈನ್ ರಮ್ಮಿ ಸ್ಟಾರ್ಟಪ್ ಕಾಲದ ಪೀಡೆ ಅಂತ ನಮ್ಮ ಆಫೀಸಿನವರು ತಿಳಿದಿದ್ದಾರೆ. ಕತೆ ಹಳೇದು.

ನಮ್ಮ ಹಳಿಯಾಳ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ಆಗ ಬೆಂಗಳೂರಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆ ಬಹುಮಾನದ ಪದಬಂಧ ನಡೆಸಿ, ಗಡಿಯಾಚೆ ಮುಂಬಯಿ ರಾಜ್ಯದ ಓದುಗರಿಂದಲೂ ರೊಕ್ಕ ಎತ್ತುತ್ತಿತ್ತು. ಸರ್ವರ್ ಒಂದು ಕಡೆ, ಗಿರಾಕಿ ಇನ್ನೊಂದು ಕಡೆ ಅನ್ನೋ ಇವತ್ತಿನ ಧಂದೆಯ ಥರಾನೇ. ಮುಂಬಯಿ ಸರ್ಕಾರ ತೆರಿಗೆ ಹಾಕಿತು, ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು. ಇದು ಜೂಜು, ಜೂಜು ವ್ಯಾಪಾರವೇ ಅಲ್ಲ ಎಂದು 1957ರಲ್ಲಿ ತೀರ್ಪಾಯಿತು.

ಕಂಪನಿಗಳಿಗೆ ಬಾಗಿಲು ತೆರೆದದ್ದು 1967ರ ಇನ್ನೊಂದು ತೀರ್ಪು. ಸಿಕಂದರಾಬಾದಿನ ಕ್ಲಬ್ಬೊಂದರ ಕೇಸು. ಬಿದ್ದ ಎಲೆ ನೆನಪಿಡಬೇಕು, ಹಾಗಾಗಿ ರಮ್ಮಿ ಮುಖ್ಯವಾಗಿ ಜಾಣತನದ ಆಟ ಎಂದಿತು ಕೋರ್ಟು. ಆಪ್‌ನವರು ಹಿಡಿದುಕೊಂಡದ್ದು ಇಷ್ಟನ್ನೇ. ಅದೇ ತೀರ್ಪಲ್ಲಿ ಇನ್ನೊಂದು ಮಾತಿದೆ: ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಂಡರೆ ಅಪರಾಧ ಆಗಬಹುದು. ಪ್ರತಿ ಆಟದಲ್ಲೂ ಕಮಿಷನ್ ಮುರಿದುಕೊಳ್ಳೋ ಕಂಪನಿ ಆ ಮಾತನ್ನ ಯಾಕೆ ಎತ್ತುತ್ತೆ ಹೇಳಿ! ಕ್ಲಬ್ಬಿನಿಂದ ಎದ್ದು ಮನೆಗೆ ಹೋಗಬಹುದಿತ್ತು. ಬೋನಸ್ ಇದೆ ಬಾ ಅಂತ ರಾತ್ರಿ ಎರಡಕ್ಕೆ ಕರೆಯೋ ನೋಟಿಫಿಕೇಶನ್ ಆಗ ಇರಲಿಲ್ಲ. (ಅದನ್ನ ಬರೆಯೋರು ನನ್ನಂಥ ಬಿಇ ಓದಿದವರೇ.)

ಕರ್ನಾಟಕ 2021ರ ಅಕ್ಟೋಬರಿನಲ್ಲಿ ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ಕ್ಕೆ ಹೈಕೋರ್ಟ್ ಆ ಕಲಂಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಜಾಣತನವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಬದಿಗಿಟ್ಟು, ರೊಕ್ಕದ ಆನ್‌ಲೈನ್ ಆಟವನ್ನೆಲ್ಲ ನಿಷೇಧಿಸಿತು. ಅದೇ ತಿಂಗಳು ರಮ್ಮಿ ಕಂಪನಿಯೊಂದು ಅದರ ವಿರುದ್ಧ ಅರ್ಜಿ ಹಾಕಿತು, ಬೆಂಗಳೂರಿನ ಹೈಕೋರ್ಟಿನಲ್ಲೇ.