ಪದಬಂಧದ ಚೌಕ ಮತ್ತು ಕುಂದಾಪ್ರ ಕನ್ನಡ

'ಬೈ, ಸೊನ್ನೆ ಸುತ್ತು, ದೂರು: ಕರಾವಳಿಯ ಒಂದು ಪಟ್ಟಣ (3).' ಉದಾಹರಣೆಗೆಂದು ನಾವೇ ಹೆಣೆದ ಸುಳಿವಿದು, ಉತ್ತರ ಬೈಂದೂರು. ಅನುಸ್ವಾರವು ಸೊನ್ನೆಯಾಗುವುದು ಬರಹದಲ್ಲಿ ಮಾತ್ರ. ಇಲ್ಲಿ ಅದರ ಉಚ್ಚಾರಣೆ ನಕಾರ. ದೈನಿಕಗಳ ಪದಬಂಧವನ್ನು ಭಾಷೆಯ ಆಟವೆಂದು ಬಗೆಯುವುದು ರೂಢಿ. ಅದು ಮೊದಲಿಗೆ ಲಿಪಿಯ ಆಟ, ಆ ಕಾರಣಕ್ಕೇ ಶಿಷ್ಟ ಬರಹದ ಪಕ್ಷಪಾತಿ ಎಂಬುದು ನಮ್ಮ ವಾದ.

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ವಜ್ರಾಕೃತಿಯ ಬಂಧವನ್ನು ಈ ಪ್ರಕಾರದ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿ ಒಂದು ಚೌಕಕ್ಕೆ ಒಂದು ವರ್ಣ. ಸ್ವರಕ್ಕೂ ಸ್ವಂತ ಚೌಕ. ಒಟ್ಟು ಇಪ್ಪತ್ತಾರು ಚಿಹ್ನೆಗಳು. ಕನ್ನಡಕ್ಕೆ ಬಂದಾಗ ಚೌಕದಲ್ಲಿ ಕುಳಿತದ್ದು ವರ್ಣವಲ್ಲ, ಕಾಗುಣಿತ ಮತ್ತು ಒತ್ತು ಸಹಿತವಾದ ಲಿಪ್ಯಕ್ಷರ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೊಂದೇ ನಾನ್ನೂರನ್ನು ದಾಟುತ್ತದೆ. 'ಕ'ವನ್ನು 'ಕಿ'ಯೊಡನೆ ಹಾಯಿಸಲಾಗದು. ಅಡ್ಡಸಾಲೂ ಉದ್ದಸಾಲೂ ಕೂಡುವ ಎಡೆಗಳು ಆ ಮಟ್ಟಿಗೆ ವಿರಳ.

ಈ ಚೌಕ ಉಚ್ಚಾರಾಂಶವೂ ಅಲ್ಲ. ಬ್ರಹ್ಮಾವರವನ್ನು ಬ್ರಹ್-ಮಾ-ವ-ರ ಎಂದು ಬಿಡಿಸಿದರೆ ಹಕಾರ ಮೊದಲ ಉಚ್ಚಾರಾಂಶಕ್ಕೆ ಸೇರುತ್ತದೆ. ಪದಬಂಧದಲ್ಲಿ ಅದು ಎರಡನೆಯ ಚೌಕದ 'ಹ್ಮಾ'. (ಹಕಾರ ಮಕಾರಗಳನ್ನು ಅದಲುಬದಲು ಮಾಡಿ ನುಡಿಯುವವರ ಮಾತು ಬೇರೆ.) ಎರಡೂ ಎಣಿಕೆಗೆ ನಾಲ್ಕೇ ಸಿಗುವುದರಿಂದ ಬಿಡಿಸುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ತಿಳಿಯುವುದು ಕುಂದಾಪ್ರ ಕನ್ನಡದಲ್ಲಿ. ಈ ಉಪಭಾಷೆ ಪದಮಧ್ಯದ, ಪದಾಂತ್ಯದ ಹ್ರಸ್ವ ಸ್ವರಗಳನ್ನು ಧಾರಾಳವಾಗಿ ಬಿಡುತ್ತದೆ. ಆದರೆ ಎರಡು ಲೋಪಗಳ ಫಲ ಒಂದೇ ಅಲ್ಲ. ಕುಂದಾಪುರ 'ಕುಂದಾಪ್ರ'ವಾದಾಗ ನಾಲ್ಕು ಚೌಕ ಮೂರಾಗುತ್ತದೆ. ಬೈಂದೂರು 'ಬೈಂದೂರ್' ಆದಾಗ ಉಚ್ಚಾರಾಂಶ ಎರಡಕ್ಕಿಳಿದರೂ ಚೌಕ ಮೂರೇ. ಕೊನೆಯದರಲ್ಲಿ ಮಾತ್ರ ಒಂಟಿ 'ರ್' ಉಳಿಯುತ್ತದೆ. ಅರ್ಧಾಕ್ಷರದಿಂದ ಪದ ಆರಂಭವಾಗದು. ಪದಮಧ್ಯದಲ್ಲಿ ಅದು ಮುಂದಿನ ವ್ಯಂಜನದೊಡನೆ ಬೆಸೆದುಕೊಳ್ಳುತ್ತದೆ. ಹಾಗಾಗಿ ಆ ಚೌಕ ಅಡ್ಡಕ್ಕೂ ಉದ್ದಕ್ಕೂ ಪದದ ತುದಿಯೇ ಆಗಿರಬೇಕು. 'ಬಸ್' ಮೊದಲಾದ ಎರವಲು ಪದಗಳಿಗೆ ಈ ಇಕ್ಕಟ್ಟನ್ನು ಸಹಿಸಿಕೊಳ್ಳುತ್ತೇವೆ. ಇಡೀ ಶಬ್ದಸಂಪತ್ತೇ ಹೀಗಿದ್ದರೆ ಬಂಧ ಹೆಣೆಯುವುದು ಕಷ್ಟ.

ಹಳಗನ್ನಡದ 'ಪೋಪುದು' ಮೂರು ಚೌಕಗಳಲ್ಲಿ ಸಲೀಸಾಗಿ ಕೂರುತ್ತದೆ. ಅದರ ಎರಡನೆಯ ಪಕಾರವನ್ನು ಇಂದಿಗೂ ನಾಲಿಗೆಯಲ್ಲಿ ಉಳಿಸಿಕೊಂಡ 'ಹೋಪ್ದ್' ಎರಡು ಚೌಕಗಳಲ್ಲಿ ಮುದುಡಿಕೊಳ್ಳುತ್ತದೆ, ಅದೂ 'ಪ್ದ್' ಎಂಬ, ಬೇರೆ ಪದದೊಡನೆ ಸುಲಭದಲ್ಲಿ ಹೊಂದದ ಅಕ್ಷರದೊಂದಿಗೆ. ಪ್ರಾಚೀನತೆಗೆ ಪದಬಂಧದಲ್ಲಿ ಎಡೆಯಿದೆ, ಗ್ರಂಥಸ್ಥವಾಗಿದ್ದರೆ.

1970ರಲ್ಲಿ ಮಣಿಪಾಲದಲ್ಲಿ ಉದಯವಾಣಿ ಆರಂಭವಾದ ಮೇಲೆ ಈ ಸೀಮೆಗೆ ತನ್ನದೇ ದೈನಿಕ ದೊರೆಯಿತು. ಆದರೂ ಅಚ್ಚಿನ ಕನ್ನಡ ಶಿಷ್ಟ ಕನ್ನಡವೇ. ಮನೆಯಲ್ಲಿ 'ಊರ್' ಎನ್ನುವವರು ಯಾವ ಪತ್ರಿಕೆಯ ಪದಬಂಧ ತುಂಬುವಾಗಲೂ ಬಿಟ್ಟ ಉಕಾರವನ್ನು ಮರಳಿ ಕೂಡಿಸಿಕೊಳ್ಳಬೇಕು. ಕುಂದಾಪ್ರ ಕನ್ನಡದ್ದೇ ಪದಬಂಧ ಹೆಣೆಯಹೊರಟವರು ಮೊದಲು ಇತ್ಯರ್ಥಪಡಿಸಬೇಕಾದ ಪ್ರಶ್ನೆಯೂ ಅಲ್ಲೇ ಇದೆ: ಆ 'ಊರ್'ಗೆ ಚೌಕ ಒಂದೋ, ಎರಡೋ?