ಮಿಲಾನಿನ ಚಿನ್ನದ ಇಸ್ಪೀಟೆಲೆಗಳು

ಟ್ಯಾರೋ ಎಂದೊಡನೆ ನಮಗೆ ನೆನಪಾಗುವುದು ಭವಿಷ್ಯ ನುಡಿಯುವವರ ಮೇಜು. ಆದರೆ ಹದಿನೈದನೆಯ ಶತಮಾನದ ಇಟಲಿಯಲ್ಲಿ ಈ ಎಲೆಗಳು ಹುಟ್ಟಿದ್ದು ಆಟಕ್ಕಾಗಿ. ಆಗ ಇವುಗಳ ಹೆಸರು 'ತ್ರಿಯೋನ್ಫಿ', ಅಂದರೆ ವಿಜಯಗಳು. ಇದರ ಉಲ್ಲೇಖ 1440ರಲ್ಲಿ ಫ್ಲಾರೆನ್ಸಿನಲ್ಲಿಯೂ 1442ರಲ್ಲಿ ಫೆರಾರದ ಆಸ್ಥಾನದ ಲೆಕ್ಕಪತ್ರಗಳಲ್ಲಿಯೂ ದೊರೆಯುತ್ತದೆ.

ಬಟ್ಟಲು, ನಾಣ್ಯ, ಖಡ್ಗ, ದಂಡ ಎಂಬ ನಾಲ್ಕು ಪಂಗಡಗಳ ಎಲೆಗಳು ಅದಕ್ಕೂ ಮೊದಲೇ ಈಜಿಪ್ಟಿನ ಮಾಮಲೂಕರ ರಾಜ್ಯದಿಂದ ಯೂರೋಪಿಗೆ ಬಂದಿದ್ದವು. ಇಟಲಿಯವರು ಚಕ್ರವರ್ತಿ, ಪ್ರೇಮ, ಮೃತ್ಯು, ಸೂರ್ಯ ಮುಂತಾದ ಚಿತ್ರದೆಲೆಗಳನ್ನು ಅವುಗಳಿಗೆ ಸೇರಿಸಿದರು. ಆಟದಲ್ಲಿ ಇವು ಉಳಿದೆಲ್ಲ ಎಲೆಗಳನ್ನು ಗೆಲ್ಲುತ್ತಿದ್ದವು. ನಮ್ಮ ಇಸ್ಪೀಟಿನ ತುರುಪಿನ ಕೆಲಸವೂ ಇದೇ. ಇಂಗ್ಲಿಷಿನ 'ಟ್ರಂಪ್' ಎಂಬ ಪದ ಈ ವಿಜಯಸೂಚಕ ಶಬ್ದದ ಬಂಧುವೇ.

ಉಳಿದುಬಂದಿರುವ ಹಳೆಯ ಕಟ್ಟುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ ಮತ್ತು ಆತನ ಪತ್ನಿ ಬಿಯಾಂಕಾ ಮರಿಯಾ ವಿಸ್ಕೊಂತಿಯರ ಮನೆತನಕ್ಕಾಗಿ ಸುಮಾರು 1450ರ ವೇಳೆಗೆ ಸಿದ್ಧವಾದದ್ದು. ಬಹುಪಾಲು ಎಲೆಗಳನ್ನು ಬೊನಿಫಾಚಿಯೊ ಬೆಂಬೊ ಎಂಬ ಕಲಾವಿದನ ಕೃತಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಆರು ಎಲೆಗಳು ಬೇರೊಬ್ಬನ ಕೈಬರಹ. ಪ್ರತಿಯೊಂದೂ ಸುಮಾರು 17 ಸೆಂಟಿಮೀಟರ್ ಉದ್ದ, 8.7 ಸೆಂಟಿಮೀಟರ್ ಅಗಲ. ಚಿತ್ರದೆಲೆಗಳ ಹಿನ್ನೆಲೆಗೆ ಚಿನ್ನದ ತಗಡು ಅಂಟಿಸಿ, ಅದರ ಮೇಲೆ ಮೊನೆಯಿಂದ ಒತ್ತಿ ನಕ್ಷೆ ಮೂಡಿಸಿ, ವಸ್ತ್ರಗಳಿಗೆ ಬಣ್ಣ ತುಂಬಲಾಗಿದೆ. ಹಲವು ಎಲೆಗಳ ಮೇಲಂಚಿನಲ್ಲಿ ಮೊಳೆ ಚುಚ್ಚಿದ ರಂಧ್ರವಿದೆ. ಎಂದೋ ಯಾರೋ ಗೋಡೆಗೆ ತೂಗುಹಾಕಿದ್ದರೆಂದು ತೋರುತ್ತದೆ.

ಪೂರ್ಣ ಕಟ್ಟಿನ 78 ಎಲೆಗಳ ಪೈಕಿ ಇಂದು ಉಳಿದಿರುವುದು 74. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ 35, ಬೆರ್ಗಾಮೊದ ಅಕಾದೆಮಿಯಾ ಕರಾರಾದಲ್ಲಿ 26, ಅದೇ ಊರಿನ ಕೊಲ್ಲೆಯೋನಿ ಮನೆತನದಲ್ಲಿ 13. ಸೈತಾನ ಮತ್ತು ಗೋಪುರದ ಎಲೆಗಳು ಇಲ್ಲದಿರುವುದನ್ನು ಕಂಡು, ಅಪಶಕುನಕ್ಕೆ ಹೆದರಿ ತೆಗೆದಿರಬೇಕೆಂದು ಕೆಲವರು ಕಥೆ ಕಟ್ಟುವುದುಂಟು. ಆದರೆ ಖಡ್ಗದ ಮೂರು ಮತ್ತು ನಾಣ್ಯದ ಸವಾರ ಕೂಡ ಕಾಣೆಯಾಗಿವೆ! ನಾಣ್ಯದ ಸವಾರನಿಗೆ ಯಾರು ತಾನೇ ಹೆದರಿಯಾರು? ಐದು ಶತಮಾನಗಳಲ್ಲಿ ನಾಲ್ಕು ಎಲೆ ಕಳೆದುಹೋಗುವುದು ಸಹಜವೇ.

ಭವಿಷ್ಯದ ನಂಟು ಬಲವಾದದ್ದು ಮೂರು ಶತಮಾನಗಳ ನಂತರ, ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬ್ಲಾ ಎಂಬ ಪಂಡಿತರು ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಅಡಗಿದೆಯೆಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಓದಲಾರಂಭಿಸಿದ್ದು 1822ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ಯಾರಿಸಿನ ಎತೈಲಾ ಎಂಬಾತ ಆ ಮಾತನ್ನೇ ಹಿಡಿದು, ಭವಿಷ್ಯಕ್ಕೆಂದೇ ಪ್ರತ್ಯೇಕ ಕಟ್ಟನ್ನು ಅಚ್ಚು ಹಾಕಿಸಿದ. ಮಿಲಾನಿನ ಅರಮನೆಯವರಿಗೆ ಇದಾವುದೂ ತಿಳಿದಿರಲಿಲ್ಲ; ಅವರು ತುರುಪು ಇಳಿಸಿ ಆಟವಾಡಿದರು.